ಮುಕ್ಕಾಲು ಸಾಹೇಬರ ಓಡುವ ಹಲ್ಲು

ಬೆಳಿಗ್ಗೆ ಕಣ್ಣುಜ್ಜಿಕೊಂಡು ಈಚೆಗೆ ಬಂದ ಮುಕ್ಕಾಲು ಸಾಹೇಬರಿಗೆ ಮೊದಲು ಕಂಡದ್ದು, ತಮ್ಮ ಮೇಜಿನ ಮೇಲೆ ಬಗ್ಗಿ ಟೇಪು ಹಿಡಿದಿದ್ದ ಅತ್ತೆ. ಉದ್ದ ಅಳೆದರು, ಅಗಲ ಅಳೆದರು, ಕಾಲುಗಳನ್ನು ಅಲ್ಲಾಡಿಸಿ ನೋಡಿದರು. ಕೊನೆಗೆ ದನ ಕೊಳ್ಳಲು ಬಂದವರ ಹಾಗೆ ಹಿಂದೆ ಸರಿದು, ತಲೆ ಓರೆ ಮಾಡಿ, "ಪರವಾಗಿಲ್ಲ, ಹೊಲಿಗೆ ಮಿಷನ್ನು ಕೂರುತ್ತೆ" ಎಂದರು.

"ಅತ್ತೆ, ಅದು ನನ್ನ ಮೇಜು."

"ನಿಮ್ಮದೇ ಅಳಿಯಂದ್ರೇ, ಯಾರು ಇಲ್ಲ ಅಂದ್ರು? ಸಂಜೆ ತನಕ ನಿಮ್ಮದೇ."

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ರೀ, ಮಾತು ಅಂದ್ಮೇಲೆ ಮಾತು. ಇವತ್ತು ಸಂಜೆ ಒಳಗೆ ಕೋರ್ಸು ಮುಗಿಸಿ ಸರ್ಟಿಫಿಕೇಟು ತೋರಿಸಿದ್ರೆ ಮೇಜು ನಿಮ್ದು. ಇಲ್ದಿದ್ರೆ ಅಮ್ಮನ ಮಿಷನ್ನಿಗೆ. ನೀವೇ ಒಪ್ಪಿದ್ದು. ನಾನೇನು ಕತ್ತು ಹಿಡಿದು ಒಪ್ಪಿಸಿಲ್ಲ."

ಕತ್ತು ಹಿಡಿದಿರಲಿಲ್ಲ, ನಿಜ. ಆದರೆ ಅತ್ತೆ ಬಂದು ನೆಲೆಸಿದ ಮೇಲೆ ಆ ಮನೆಯಲ್ಲಿ ಸಾಹೇಬರದು ಎನ್ನುವಂಥದ್ದು ಕಿಟಕಿ ಪಕ್ಕದ ಆ ಮೇಜೊಂದೇ. ಅದರ ಮೇಲೊಂದು ಹಳೆಯ ಕಂಪ್ಯೂಟರು. ಸಂಜೆ ಅದರ ಮುಂದೆ ಕೂತರೆ, ಮೊಣಕೈ ಊರುವಷ್ಟು ಜಾಗ ಈ ಭೂಮಿಯ ಮೇಲೆ ತಮಗೂ ಇದೆ ಎನ್ನಿಸುತ್ತಿತ್ತು. ಅದೂ ಹೋದರೆ ಇನ್ನು ಊಟದ ತಟ್ಟೆ ಇಟ್ಟಷ್ಟೇ ಜಾಗ, ಅದೂ ತಟ್ಟೆ ತೊಳೆಯುವ ತನಕ.

ಮುಕ್ಕಾಲು ಸಾಹೇಬರು ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವರು ಹಲ್ಲಿನ ಆಸ್ಪತ್ರೆಯೊಂದರ ಮುಂಗೋಣೆಯಲ್ಲಿ ಕೂತು, ಬಂದವರಿಗೆ ಚೀಟಿ ಕೊಟ್ಟು, "ಕೂತ್ಕೊಳ್ಳಿ, ನೋವೇ ಆಗಲ್ಲ" ಎಂದು ದಿನವಿಡೀ ಸುಳ್ಳು ಹೇಳುವ ನೌಕರಿಯವರು. ಅವರಿಗೊಂದು ಚಟ. ಪುಕ್ಕಟೆ ಎಂದು ಬರೆದಿದ್ದರೆ ವಿಷದ ಬಾಟಲಿಯ ಮುಚ್ಚಳವನ್ನೂ ತೆಗೆದು ಮೂಸುವ ಪೈಕಿ. ಆನ್‌ಲೈನಿನಲ್ಲಿ ಪುಕ್ಕಟೆ ಕೋರ್ಸುಗಳು ಸಿಗುತ್ತವೆಂದು ಗೊತ್ತಾದ ದಿನದಿಂದ ಹಿಡಿದದ್ದೆಷ್ಟೋ, ಮುಕ್ಕಾಲಿಗೆ ಬಿಟ್ಟದ್ದೆಷ್ಟೋ. ಜೇನು ಸಾಕಣೆ ಕಲಿತರು, ನೊಣ ಕಚ್ಚಿದರೆ ಏನು ಮಾಡಬೇಕು ಎಂಬ ಪಾಠ ಬಂದಾಗ ಬಿಟ್ಟರು. ಕೈಬರಹ ತಿದ್ದುವ ಕೋರ್ಸಿನಲ್ಲಿ 'ಯ' ತನಕ ಅಕ್ಷರಗಳು ಮುತ್ತಿನಂತಿದ್ದವು, ಅಲ್ಲಿಂದಾಚೆಗೆ ಇವತ್ತಿಗೂ ಕಾಗೆ ಕಾಲು. ಇದನ್ನೆಲ್ಲ ನೋಡಿ ಆಸ್ಪತ್ರೆಯಲ್ಲಿ ಕಟ್ಟು ಹಲ್ಲು ಮಾಡುವ ಸೆಟ್ಟಿನಣ್ಣ ಇಟ್ಟ ಹೆಸರು ಅದು. ಹಲ್ಲಿನ ಸೆಟ್ಟಿನ ಹಾಗೆಯೇ ಗಟ್ಟಿಯಾಗಿ ಕೂತುಬಿಟ್ಟಿತು.

ಈ ಸಲ ಹಿಡಿದದ್ದು ಕಂಪ್ಯೂಟರ್ ಆಟ ಮಾಡುವುದನ್ನು ಕಲಿಸುವ ಕೋರ್ಸು. ಪಾಠ ಹೇಳುವ ಮಹಾಶಯನ ಮುಖ ಯಾರೂ ಕಂಡಿಲ್ಲ, ಬರೀ ದನಿ. "ನಿಮ್ಮ ಸುತ್ತಲಿನ ಬದುಕಿನಿಂದಲೇ ಆಟ ಹುಟ್ಟಿಸಿ!" ಎಂದು ಆ ದನಿ ಹೇಳಿದ್ದೇ ತಡ, ಸಾಹೇಬರು ಒಂದು ದವಡೆ ಹಲ್ಲಿಗೆ ಎರಡು ಕಾಲು ಅಂಟಿಸಿ ಓಡಿಸಿಬಿಟ್ಟರು. ಹಿಂದೆ ಇಕ್ಕಳ ಅಟ್ಟಿಸಿಕೊಂಡು ಬರುತ್ತದೆ, ಮೇಲಿನಿಂದ ಮಿಠಾಯಿ ಬೀಳುತ್ತದೆ, ಕಾಲ ಕೆಳಗೆ ನಾಲಿಗೆ ಅಲೆಯಂತೆ ಏಳುತ್ತದೆ. ಇದನ್ನೆಲ್ಲ ತಪ್ಪಿಸಿಕೊಂಡು ಹಲ್ಲು ಬೀಗದಕೈ ಹೆಕ್ಕಿಕೊಂಡು ಗಂಟಲ ಬಾಗಿಲು ತೆರೆದರೆ ಗೆದ್ದಂತೆ.

ಆಟ ಸಿದ್ಧವಾಗಿತ್ತು. ಉಳಿದದ್ದು ಕಡೆಯ ಪರೀಕ್ಷೆ ಒಂದೇ. ಆದರೆ ಅದರ ನಿಯಮವನ್ನು ಸಾಹೇಬರ ವೈರಿಗಳೇ ಕೂತು ಬರೆದಂತಿತ್ತು.

ಆಟವನ್ನು ನಾಲ್ಕು ಜನರ ಕೈಯಲ್ಲಿ ಆಡಿಸಬೇಕು. ಮನೆಯವರು ಬೇಡ, ಅವರು ಪ್ರೀತಿಗೆ ಕಟ್ಟುಬಿದ್ದು ಹೊಗಳಿಬಿಡುತ್ತಾರೆ. (ಸಾಹೇಬರ ಮನೆಯಲ್ಲಿ ಆ ಅಪಾಯ ಇರಲಿಲ್ಲ. ಆದರೂ ನಿಯಮ ನಿಯಮವೇ.) ಆಡುವವರು ಆಡುತ್ತಾ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿರಬೇಕು. ಮಾಡಿದವರು ಪಕ್ಕದಲ್ಲಿ ಕೂತು ಬರೆದುಕೊಳ್ಳಬೇಕು. ತುಟಿ ಪಿಟಕ್ಕೆನ್ನಬಾರದು. ದಾರಿ ತೋರಿಸುವಂತಿಲ್ಲ, ಸಮಜಾಯಿಷಿ ಕೊಡುವಂತಿಲ್ಲ, ಹ್ಞೂಂ ಎನ್ನುವಂತೆಯೂ ಇಲ್ಲ. ಫೋನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತದೆ. ಮಾಡಿದವರ ದನಿ ಬಿದ್ದರೆ ಆ ಸರದಿ ರದ್ದು. ಗೆದ್ದರೂ ಸರಿ, ನಡುವೆ ನಿಲ್ಲಿಸಿದರೂ ಸರಿ, ಕೊನೆಗೆ "ಮತ್ತೆ ಆಡುತ್ತೀರಾ?" ಎಂದು ಕೇಳುತ್ತದೆ. ಹಸಿರು ಗುಂಡಿ ಒತ್ತಿದರೆ ಹೌದು, ಕೆಂಪು ಒತ್ತಿದರೆ ಇಲ್ಲ. ನಾಲ್ಕಕ್ಕೆ ನಾಲ್ಕೂ ಹಸಿರಾದರೆ ಸರ್ಟಿಫಿಕೇಟು.

ಸಾಹೇಬರಿಗೆ ಮಾತಾಡಬೇಡಿ ಎನ್ನುವುದೂ ಒಂದೇ, ಮೀನಿಗೆ ಮರ ಹತ್ತು ಎನ್ನುವುದೂ ಒಂದೇ. ಹಲ್ಲುನೋವೆಂದು ಬಂದ ಎಷ್ಟೋ ಜನ ಇವರ ಮಾತು ಕೇಳಿ ತಲೆನೋವನ್ನೂ ಜೊತೆಗೆ ಕಟ್ಟಿಸಿಕೊಂಡು ಹೋದದ್ದುಂಟು.

ಆದರೂ ಮೇಜಿನ ಪ್ರಶ್ನೆ. ಸಾಹೇಬರು ಹಲ್ಲು ಕಚ್ಚಿದರು. ಹೊರಡುವ ಮುಂಚೆ, ಕೊನೆ ಗಳಿಗೆಯಲ್ಲಿ, ಆಟದ ಇಕ್ಕಳಕ್ಕೊಂದು ದಪ್ಪ ಮೀಸೆ ಅಂಟಿಸಿದರೆ ಚೆನ್ನ ಎನ್ನಿಸಿತು. ಅಂಟಿಸಿದರು. ಇಕ್ಕಳ ಥೇಟು ಅವರ ಡಾಕ್ಟರಂತೆಯೇ ಕಂಡಿತು. ಒಬ್ಬರೇ ನಕ್ಕು, ಆಟವನ್ನು ಫೋನಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದರು.

ಮೊದಲು ಸಿಕ್ಕವರು ಸಿಸ್ಟರ್. ಉಪಕರಣ ತೊಳೆದು ಸಾಲಾಗಿ ಜೋಡಿಸುತ್ತಿದ್ದರು.

"ನಾನಾ? ನಂಗೆಲ್ಲಿ ಬರುತ್ತಪ್ಪಾ ಆಟಗೀಟ" ಎನ್ನುತ್ತಲೇ ಕೈ ಒರೆಸಿಕೊಂಡು ಕೂತರು. "ಬಾಯಿಗೆ ಬಂದಿದ್ದು ಹೇಳ್ಬೇಕಾ? ಬೈದ್ರೂ ನೀವು ಸುಮ್ನಿರ್ತೀರಾ? ನೀವು? ಸರಿ ಕೊಡಿ, ಇದನ್ನ ನೋಡೇಬಿಡೋಣ."

ಆಟ ಶುರುವಾಯಿತು. "ಇದೇನು, ಹಲ್ಲೋ ಹೂಕೋಸೋ? ಅಯ್ಯೋ ಬಂತು ಇಕ್ಕಳ! ಹಾರು, ಹಾರೋ ಮುಂಡೇದೇ! ಹಾ, ಬೀಗದಕೈ ಸಿಕ್ತು. ಬಾಗಿಲು ಬಂತು..."

ಬಾಗಿಲು ಬಂತು. ತೆಗೆಯಲಿಲ್ಲ. ಹಲ್ಲು ಹೋಗಿ ಗುದ್ದಿತು, ಹಿಂದೆ ಬಂತು, ಮತ್ತೆ ಗುದ್ದಿತು. ಸಾಹೇಬರ ಎದೆಯೊಳಗೇ ಯಾರೋ ಗುದ್ದಿದಂತಾಯಿತು. ಮೀಸೆ ಅಂಟಿಸುವ ಭರದಲ್ಲಿ ಬೀಗದಕೈಗೂ ಬಾಗಿಲಿಗೂ ಇದ್ದ ನಂಟನ್ನೇ ಕತ್ತರಿಸಿಬಿಟ್ಟಿದ್ದರು! ಸರಿಪಡಿಸೋಣವೆಂದರೆ ಕಂಪ್ಯೂಟರು ಮನೆಯಲ್ಲಿ, ಅತ್ತೆಯ ಕಾವಲಿನಲ್ಲಿ. ಹೋಗಿ ಬರೋಣವೆಂದರೆ ಮುಂಗೋಣೆಯಲ್ಲಿ ದವಡೆ ಹಿಡಿದುಕೊಂಡವರ ಸಾಲು. 'ಸಿಸ್ಟರ್, ಅದು ತೆಗೆಯಲ್ಲ, ತಪ್ಪು ನಂದು' ಎಂಬ ಮಾತು ಗಂಟಲ ತನಕ ಬಂತು. ನುಂಗಿಕೊಂಡರು. ಅದು ಒಳಗೆ ಇಳಿಯುವಾಗ ಮೀನಿನ ಮುಳ್ಳಿನ ಹಾಗೆ ಪರಚಿತು.

"ತೆಗೀತಿಲ್ಲ" ಎಂದರು ಸಿಸ್ಟರ್. "ಎಷ್ಟು ಬಡಿದ್ರೂ ತೆಗೀತಿಲ್ಲ. ನಮ್ಮ ಅತ್ತಿಗೆ ಹಾಗೇ." ಹಲ್ಲು ಗುದ್ದುತ್ತಲೇ ಇತ್ತು. "ಅವರ ಮನೆ ಬಾಗಿಲಿಗೆ ನಾನು ಎಷ್ಟು ಸಲ ಹೋಗಿಲ್ಲ? ಒಳಗೆ ಟೀವಿ ಕೂಗ್ತಿರುತ್ತೆ, ಮನೇಲಿಲ್ಲ ಅಂತ ಮಗು ಕೈಲಿ ಹೇಳಿಸ್ತಾಳೆ. ನಾನೇನು ತಪ್ಪು ಮಾಡಿದ್ದು ಹೇಳಿ? ಬೇಡ, ನೀವು ಹೇಳೋ ಹಾಗಿಲ್ಲ ಅಲ್ವಾ, ಹೇಳ್ಬೇಡಿ. ನಾನೇ ಹೇಳ್ತೀನಿ..."

ಹೇಳಿದರು. ಅತ್ತಿಗೆಯ ಬಾಗಿಲಿನಿಂದ ಶುರುವಾದದ್ದು ಅಣ್ಣನ ಮದುವೆಗೆ ಹೋಯಿತು, ಅಲ್ಲಿಂದ ಅಮ್ಮನ ಕಿವಿಯೋಲೆಗೆ ಬಂತು. ಸಾಹೇಬರು ತುಟಿ ಬಿಗಿಹಿಡಿದು, ತಲೆಯಾಡಿಸುತ್ತಾ, ಬರೆದುಕೊಳ್ಳುತ್ತಾ ಕೂತರು. ಕೊನೆಗೆ ಸಿಸ್ಟರ್ ಕಣ್ಣೊರೆಸಿಕೊಂಡು ಟಪ್ಪೆಂದು ಹಸಿರು ಒತ್ತಿದರು.

"ಒಳ್ಳೇ ಆಟ ಕಣ್ರೀ. ಎದೆ ಮೇಲಿನ ಕಲ್ಲು ಇಳಿದ ಹಾಗಾಯ್ತು."

ಸಾಹೇಬರಿಗೆ ನಂಬಿಕೆಯೇ ಬರಲಿಲ್ಲ. ಪಾಪ, ನನ್ನ ಮುಖ ನೋಡಿ ಕನಿಕರಪಟ್ಟಳೇನೋ ಎಂದುಕೊಂಡರು. ಅಂತೂ ಒಂದು ಹಸಿರು.

ಎರಡನೆಯವರು ಸೆಟ್ಟಿನಣ್ಣ. ಹಿಂಗೋಣೆಯಲ್ಲಿ ಮೇಣ, ಅಚ್ಚು, ಬಾಯಿಲ್ಲದ ಹಲ್ಲುಗಳ ನಡುವೆ ಕೂತಿರುವ ಮನುಷ್ಯ. ಗೋಡೆಗೆ ಮುಖ ಮಾಡಿ ಕೆಲಸ ಮಾಡೀ ಮಾಡೀ ಮುಖವೂ ಗೋಡೆಯ ಹಾಗೇ ಆಗಿತ್ತು.

"ಏನ್ ಮುಕ್ಕಾಲು ಸಾಹೇಬ್ರೇ, ಇದಾದ್ರೂ ಪೂರ್ತಿ ಇದೆಯೋ, ಇದೂ ಮುಕ್ಕಾಲೋ?" ಎಂದು ಫೋನು ಇಸಿದುಕೊಂಡರು. "ದವಡೆ ಹಲ್ಲಿಗೆ ಬೇರು ಹೀಗಿರುತ್ತಾ? ಯಾವನಾದ್ರೂ ಇಂಥ ಹಲ್ಲು ಇಟ್ಕೊಂಡು ಬಂದ್ರೆ ವಾಪಸ್ ಕಳಿಸ್ತೀನಿ ನಾನು." ಬಾಗಿಲ ಹತ್ತಿರ ಬಂದು ನಿಂತರು. ಗುದ್ದಿದರು. "ಹೂಂ. ಬಡಿಯೋರು ಬಡೀತಾ ಇರ್ಬೇಕು, ಒಳಗಿರೋರಿಗೆ ಕೇಳಿಸಲ್ಲ. ಈ ಆಸ್ಪತ್ರೆ ಥರಾನೇ. ಎಷ್ಟು ಜನಕ್ಕೆ ಹಲ್ಲು ಕಟ್ಟಿದೀನಿ! ನಗ್ತಾ ಹೋಗ್ತಾರೆ, ಯಾರಿಗೆ ಕೈ ಮುಗಿದು ಹೋಗ್ತಾರೆ? ಡಾಕ್ಟ್ರಿಗೆ. ಒಬ್ಬನಾದ್ರೂ ಹಿಂದಿನ ಕೋಣೆಗೆ ಬಂದು 'ಅಣ್ಣ, ಚೆನ್ನಾಗಿ ಮಾಡಿದೀಯ' ಅಂದಿದಾನಾ?"

"ನನ್ನ ಕಥೆಯೂ ಅದೇ ಅಲ್ವೇನಣ್ಣ!" ಎಂದುಬಿಟ್ಟರು ಸಾಹೇಬರು.

ಫೋನು ಕಿರ್ರೆಂದಿತು. 'ಮಾಡಿದವರ ದನಿ ಕೇಳಿಸಿತು. ಈ ಸರದಿ ರದ್ದು.'

"ಹಾಳಾಗ್ಹೋಯ್ತು" ಎಂದು ಸಾಹೇಬರು ಹಣೆ ಹಣೆ ಬಡಿದುಕೊಂಡರು. ಸೆಟ್ಟಿನಣ್ಣನಿಗೂ ರೇಗಿತು. "ಹೇಳ್ತಾ ಇದ್ನಲ್ಲ ನಾನು? ಮಧ್ಯೆ ಬಾಯಿ ಹಾಕ್ದೆ ಇರಕ್ಕಾಗಲ್ವಾ ನಿಮಗೆ? ಮೊದಲಿಂದ ಹಾಕಿ. ಅಲ್ಲ, ಸ್ವಲ್ಪ ತಡೀರಿ."

ಎದ್ದು ಹೋಗಿ, ಹಲ್ಲು ಕಿತ್ತ ಮೇಲೆ ಕಚ್ಚಿಸುವ ಹತ್ತಿಯ ಉಂಡೆಗಳನ್ನು ತಂದು, "ಆ ಅನ್ನಿ" ಎಂದರು. ಸಾಹೇಬರು ಆ ಅಂದರು. ಎಡಗೆನ್ನೆಗೆರಡು, ಬಲಗೆನ್ನೆಗೆರಡು. ಸಾಹೇಬರ ಮುಖ ಬೆಲ್ಲ ಕದ್ದ ಕೋತಿಯ ಹಾಗೆ ಉಬ್ಬಿತು. ಆಟ ಮೊದಲಿಂದ ಶುರುವಾಯಿತು, ದೂರೂ ಮೊದಲಿಂದ ಶುರುವಾಯಿತು. ಈ ಸಲ ಇನ್ನಷ್ಟು ವಿವರವಾಗಿ. ಮೇಣ ಕರಗಿದರೂ ಸೆಟ್ಟಿನಣ್ಣ ನಿಲ್ಲಿಸಲಿಲ್ಲ. ಕೊನೆಗೆ ಗೋಡೆಯಂಥ ಮುಖದಲ್ಲಿ ಒಂದು ಕಿಟಕಿ ತೆರೆದಂತೆ ನಕ್ಕು ಹಸಿರು ಒತ್ತಿದರು. "ನಿಮ್ಮನ್ನ ಸುಮ್ನೆ ಮುಕ್ಕಾಲು ಅಂತಿದ್ದೆ. ಬೇಜಾರು ಮಾಡ್ಕೋಬೇಡಿ."

ಸಾಹೇಬರಿಗೆ ಈಗ ಅನುಮಾನ ಹೋಗಿ ಹೆಮ್ಮೆ ಹುಟ್ಟಿತು. ಬಾಗಿಲು ತೆಗೆಯದಿದ್ದರೂ ಇಷ್ಟು ಹಿಡಿಸಿದೆ ಅಂದರೆ, ತೆಗೆದಿದ್ದರೆ ಇನ್ನೇನಾಗುತ್ತಿತ್ತು!

ಮೂರನೆಯವನು ಒಬ್ಬ ಬಸ್ ಕಂಡಕ್ಟರು. ಮರಗಟ್ಟುವ ಇಂಜೆಕ್ಷನ್ ಚುಚ್ಚಿಸಿಕೊಂಡು, ತುಟಿ ಒಂದು ಕಡೆ ಜೋತುಬಿದ್ದು, ತನ್ನ ಸರದಿಗೆ ಕಾಯುತ್ತಿದ್ದ. ಸಾಹೇಬರಿಗೆ ಬೇರೆ ದಾರಿ ಇರಲಿಲ್ಲ; ಉಳಿದವರೆಲ್ಲ ನೋವಿನಲ್ಲಿ ಫೋನನ್ನು ಎಸೆದುಬಿಡುವ ಸ್ಥಿತಿಯಲ್ಲಿದ್ದರು. ಸಾಹೇಬರ ಬಾಯಲ್ಲಿ ಇನ್ನೂ ಹತ್ತಿ, ಅವನ ಬಾಯಿಗೆ ಇಂಜೆಕ್ಷನ್. ಕೈಸನ್ನೆಯಲ್ಲೇ ಒಪ್ಪಂದವಾಯಿತು. ಮಾತಾಡಬೇಕೆಂದು ಫೋನಿನ ಮೇಲೆ ಬರೆದಿತ್ತು. ಅರ್ಥವಾಗಬೇಕೆಂದು ಎಲ್ಲೂ ಬರೆದಿರಲಿಲ್ಲ.

"ಬ್ಬಾ ಫ್ಫಿಲ್ಲು..." ಎಂದು ಶುರುಮಾಡಿದ ಕಂಡಕ್ಟರು. "ಭು ಭಸ್ಸು... ಫ್ಫಿಲ್ಲರೆ!" ಬಾಗಿಲ ಹತ್ತಿರ ಬಂದಮೇಲಂತೂ ಅವನ ದನಿ ಏರಿತು, ಇಳಿಯಿತು, ಗದ್ಗದವಾಯಿತು. ಒಮ್ಮೆ ಎದ್ದು ನಿಂತು ಸೀಟಿ ಊದುವ ಹಾಗೆ ಮಾಡಿದ, ಜೊಲ್ಲು ಬಂತು. ಸಾಹೇಬರಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಅವನ ಕಣ್ಣು ನೋಡಿ ತಲೆಯಾಡಿಸದೆ ಇರಲಾಗಲಿಲ್ಲ. ಎಲ್ಲೋ ಯಾರೋ ಅವನಿಗೆ ದೊಡ್ಡ ಅನ್ಯಾಯ ಮಾಡಿದ್ದರು. ಅಷ್ಟು ಸ್ಪಷ್ಟವಿತ್ತು. ಅವನು ಹಸಿರು ಒತ್ತಿ, ಸಾಹೇಬರ ಎರಡೂ ಕೈ ಹಿಡಿದು ಕುಲುಕಿ, "ಫ್ಫ್ಯಾಂಕ್ಸು" ಎಂದ.

ಇದನ್ನು ನೋಡುತ್ತಿದ್ದ ಮುಂಗೋಣೆಯವರಿಗೆ ಕುತೂಹಲ ಕೆರಳಿತು. "ಏನ್ರೀ ಅದು? ಅಳಿಸುತ್ತಾ, ನಗಿಸುತ್ತಾ? ನಮಗೂ ಕೊಡಿ" ಎಂದು ಒಬ್ಬೊಬ್ಬರಾಗಿ ಸಾಹೇಬರ ಸುತ್ತ ನೆರೆದರು. ಒಳಗೆ ಕುರ್ಚಿ ಖಾಲಿ ಇತ್ತು. ಸಿಸ್ಟರ್ ಹೆಸರು ಕೂಗಿದರೆ "ಇರಿ, ಬರ್ತೀವಿ" ಎಂಬ ಉತ್ತರ. ಹಲ್ಲಿನ ಆಸ್ಪತ್ರೆಯ ಇತಿಹಾಸದಲ್ಲಿ ಇಂಥದ್ದು ಆಗಿರಲಿಲ್ಲ.

ಬಾಗಿಲು ದೂಡಿಕೊಂಡು ಡಾಕ್ಟರೇ ಹೊರಗೆ ಬಂದರು. ದಪ್ಪ ಮೀಸೆ, ಕೈಯಲ್ಲಿ ಇಕ್ಕಳ. ಗುಂಪು ಗಾಳಿಗೆ ಸಿಕ್ಕ ಹೊಟ್ಟಿನ ಹಾಗೆ ಚೆದುರಿ ಕುರ್ಚಿಗಳಲ್ಲಿ ಕೂತಿತು.

"ಏನ್ ನಡೀತಿದೆ ಇಲ್ಲಿ?"

"ಮ್ಮ್ಮ್" ಎಂದರು ಸಾಹೇಬರು.

"ನಿಮಗೆ ಯಾವಾಗ ಹಲ್ಲು ಕಿತ್ತೆ ನಾನು?"

"ಮ್ಮ್."

ಡಾಕ್ಟರು ಫೋನನ್ನು ಕಿತ್ತುಕೊಂಡರು. ತೆರೆಯ ಮೇಲೆ ದಪ್ಪ ಮೀಸೆಯ ಇಕ್ಕಳ ಹಲ್ಲೊಂದನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಡಾಕ್ಟರು ಅದನ್ನು ನೋಡಿದರು. ತಮ್ಮ ಕೈಯ ಇಕ್ಕಳ ನೋಡಿಕೊಂಡರು. ಆಮೇಲೆ ಗೋಡೆಯ ಕನ್ನಡಿ ನೋಡಿದರು. ಸಾಹೇಬರ ಕಾಲ ಕೆಳಗಿನ ನೆಲ ಆಟದ ನಾಲಿಗೆಯ ಹಾಗೆ ಎದ್ದು ಬಿದ್ದಿತು. ಮೇಜು ಹೋದರೆ ಹೋಗಲಿ, ಈಗ ಕುರ್ಚಿಯೂ ಹೋಯಿತಲ್ಲಪ್ಪ!

"ಇದು ನಾನಾ?"

ಸುಳ್ಳು ಹೇಳೋಣವೆಂದರೆ ಬಾಯಲ್ಲಿ ಹತ್ತಿ. ಸಾಹೇಬರು ಬೇರೆ ದಾರಿಯಿಲ್ಲದೆ ಹೌದೆಂದು ತಲೆಯಾಡಿಸಿದರು.

ಡಾಕ್ಟರು ಅಲ್ಲೇ ಕೂತರು. ಆಟವನ್ನು ಮೊದಲಿಂದ ಶುರುಮಾಡಿ ಹಲ್ಲನ್ನು ಓಡಿಸಿದರು. ಓಡಿಸುತ್ತಾ ಓಡಿಸುತ್ತಾ ಮೆಲ್ಲಗೆ, ತಮಗೆ ತಾವೇ ಎಂಬಂತೆ ಹೇಳಿದರು. "ಎಲ್ಲರೂ ಹೀಗೇ ಓಡ್ತಾರೆ ಕಣ್ರೀ. ದಾರೀಲಿ ನನ್ನ ನೋಡಿದ್ರೆ ರಸ್ತೆ ದಾಟಿಬಿಡ್ತಾರೆ. ನೆಂಟರ ಮನೆಗೆ ಹೋದ್ರೆ ಮಕ್ಕಳು ಬಾಯಿ ಮುಚ್ಕೊಳ್ತಾವೆ, ಒಂದು ನಗೂ ಕಾಣಲ್ಲ ನಂಗೆ. ಪಾಪ, ಈ ಇಕ್ಕಳಕ್ಕೆ ಹಲ್ಲನ್ನ ಕೀಳಬೇಕು ಅಂತೇನೂ ಇರ್ಲಿಕ್ಕಿಲ್ಲ. ಸುಮ್ನೆ ಎರಡು ಮಾತಾಡಕ್ಕೆ ಅಂತ ಹಿಂದೆ ಬಂದಿರಬೋದು. ಯಾರು ನಿಂತು ಕೇಳ್ತಾರೆ?" ಬಾಗಿಲು ಬಂತು. ತೆಗೆಯಲಿಲ್ಲ. ಇಕ್ಕಳ ಬಂದು ಹಲ್ಲಿನ ಪಕ್ಕದಲ್ಲೇ ನಿಂತಿತು. "ನೋಡಿ, ಈಗ ಇಬ್ರೂ ಹೊರಗೇ" ಎಂದು ಡಾಕ್ಟರು ಬಹಳ ಹೊತ್ತು ಮಾತಾಡಿದರು.

ಹಸಿರು ಒತ್ತಿ, ಎದ್ದು ನಿಂತು, ಸಾಹೇಬರ ಭುಜ ತಟ್ಟಿದರು. "ಬೇಗ ಮನೆಗೆ ಹೋಗಿ ಇವತ್ತು. ಬಾಯಿಂದ ಆ ಹತ್ತಿ ತೆಗೀರಿ ಮೊದ್ಲು."

ಫೋನು ಟಿಣ್ ಎಂದಿತು. ಸರ್ಟಿಫಿಕೇಟು ಬಂದಿತ್ತು. ಸಾಹೇಬರ ಜನ್ಮದಲ್ಲಿ ಮುಗಿದ ಮೊದಲ ಕೋರ್ಸು!

ರಸ್ತೆಗಿಳಿದವರಿಗೆ ಕಾಲು ನೆಲಕ್ಕೆ ತಾಗಲಿಲ್ಲ. ನೌಕರಿ ಉಳಿಯಿತು, ಮಾನ ಉಳಿಯಿತು, ಮೇಜು ಉಳಿಯಿತು. ಬೆಳಿಗ್ಗೆಯಿಂದ ಹಿಡಿದಿಟ್ಟಿದ್ದ ಉಸಿರು ಬುಸ್ಸೆಂದು ಈಚೆ ಬಂತು. ಇವತ್ತು ಸಂಜೆ ಆ ಬಾಗಿಲನ್ನು ಸರಿಮಾಡುವುದು. ನಾಳೆ ಎರಡನೇ ಆಟ. ಕ್ರಮೇಣ ಜಗತ್ತೇ ತಮ್ಮ ಆಟ ಆಡುವುದು. ದಿನವಿಡೀ ಬಾಯಿ ಕಟ್ಟಿದ್ದರಿಂದ ಹೊಟ್ಟೆಯಲ್ಲಿ ಮಾತು ಉಬ್ಬರಿಸುತ್ತಿತ್ತು. ಮನೆಗೆ ಹೋಗಿ ಮೊದಲಿಂದ ಕೊನೆ ತನಕ ಎಲ್ಲವನ್ನೂ ಹೇಳಿಬಿಡಬೇಕು.

"ಮುಗಿಸಿದೆ!" ಎಂದು ಹೊಸ್ತಿಲಲ್ಲೇ ಫೋನು ಎತ್ತಿ ಹಿಡಿದರು.

ಹೆಂಡತಿ ಸರ್ಟಿಫಿಕೇಟನ್ನು ಓದಿದಳು. ಅತ್ತೆ ಓದಿದರು. ಸಾಹೇಬರು ಜಗಳಕ್ಕೆ ಸಿದ್ಧರಾಗಿದ್ದರು. ಜಗಳ ಬರಲಿಲ್ಲ.

"ಮೇಜು ನಿಮ್ಮದೇ ಅಳಿಯಂದ್ರೇ" ಎಂದರು ಅತ್ತೆ. "ನನ್ನ ಮಿಷನ್ನು ಎಲ್ಲಿದೆಯೋ ಅಲ್ಲೇ ಇರ್ಲಿ. ಬನ್ನಿ, ಕೂತ್ಕೊಳ್ಳಿ."

ಮೇಜಿನ ಆಚೆ ಕಡೆಗೂ ಒಂದು ಕುರ್ಚಿ ಹಾಕಿತ್ತು. ಕಿಟಕಿಯಾಚೆ ಪಕ್ಕದ ಮನೆಯಾಕೆ ತಮ್ಮ ಸ್ಟೂಲನ್ನು ತಾವೇ ತಂದುಕೊಂಡು ಕೂತಿದ್ದರು.

"ಸಿಸ್ಟರ್ ಫೋನ್ ಮಾಡಿದ್ರು" ಎಂದಳು ಹೆಂಡತಿ.

"ಹೌದಾ! ಏನಂದ್ರು ಆಟದ ಬಗ್ಗೆ?"

"ಆಟದ ಸುದ್ದಿ ಏನೂ ಎತ್ತಲಿಲ್ಲ. ನೀವು ಎದುರಿಗೆ ಕೂತು, ಮಧ್ಯೆ ಒಂದೇ ಒಂದು ಮಾತಾಡ್ದೆ, ಹೇಳಿದ್ದನ್ನೆಲ್ಲ ತಲೆ ಆಡಿಸಿಕೊಂಡು ಕೇಳಿದ್ರಂತೆ. ನಮ್ಮನೆಯವರಾ ಅಂದೆ. ನಂಬಲೇ ಇಲ್ಲ ನಾನು. ದೇವರಾಣೆ ಮಾಡಿದ್ರು. ಡಾಕ್ಟ್ರು ಆಗ್ಲೇ ನಾಳೆಗೂ ತಮ್ಮ ಸರದಿ ಹೇಳಿಟ್ಟಿದಾರಂತೆ."

"ಅಂದ್ರೆ, ಆ ನಾಲ್ಕು ಹಸಿರು... ಆಟಕ್ಕಲ್ವಾ?" ಎನ್ನುತ್ತಾ ಸಾಹೇಬರು ಫೋನು ನೋಡಿದರು. ಇಡೀ ದಿನ ದುಡಿದಿದ್ದ ಫೋನು ಅದೇ ಹೊತ್ತಿಗೆ ಕಣ್ಣು ಮುಚ್ಚಿತು. ತೆರೆ ಕಪ್ಪಾಯಿತು. ಮುಳುಗುವವರಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. "ಅಯ್ಯೋ, ಚಾರ್ಜ್ ಮುಗೀತು ಅತ್ತೆ. ಇವತ್ತು ಆಟ ಇಲ್ಲ."

"ಅದು ಇಲ್ದಿದ್ರೂ ನಡೆಯುತ್ತೆ. ನೀವಿದೀರಲ್ಲ" ಎಂದು ಅತ್ತೆ ಸೆರಗು ಸರಿಮಾಡಿಕೊಂಡು, ಎರಡೂ ಮೊಣಕೈಗಳನ್ನು ಮೇಜಿನ ಮೇಲೆ ಊರಿದರು. "ಮೊದಲಿಂದಾನೇ ಹೇಳ್ತೀನಿ. ನಾನು ಹುಟ್ಟಿದಾಗ..."

"ಬೇಗ ಬೇಗ ಹೇಳಮ್ಮ" ಎಂದಳು ಹೆಂಡತಿ, ಗೋಡೆಗೊರಗಿ ತನ್ನ ಸರದಿಗೆ ಕಾಯುತ್ತಾ. "ನಂದು ಜಾಸ್ತಿ ಇದೆ. ಮದುವೆ ಆದ ದಿನದಿಂದ ಕೂಡಿಟ್ಟಿದೀನಿ."